ಎರಡೇ ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮ್‌ನಲ್ಲಿ ಏನಿರುತ್ತದೆ?

ಮದುವೆ ಗೊತ್ತಾದ ಹುಡುಗಿಗೆ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋಗುತ್ತಾರೆ. ಕಡಲೆಹಿಟ್ಟು ಹಚ್ಚು, ಬಿಸಿಲಿಗೆ ಹೋಗಬೇಡ, ಟೀ ಜಾಸ್ತಿ ಕುಡಿಯಬೇಡ. ಇವನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರಾಯಿತು. ಆದರೆ ಚಿಕ್ಕಮ್ಮನೋ ಯಾರೋ ಬ್ಯಾಗಿನಿಂದ ಅರ್ಧ ಖಾಲಿಯಾದ ಸಣ್ಣ ಟ್ಯೂಬ್ ತೆಗೆದು, "ರಾತ್ರಿ ಮಲಗುವಾಗ ತೆಳ್ಳಗೆ ಹಚ್ಚಿಕೊಳ್ಳಮ್ಮ, ಹದಿನೈದು ದಿನ ಬಿಟ್ಟು ಕನ್ನಡಿ ನೋಡು" ಅಂದರೆ ಆ ಟ್ಯೂಬನ್ನು ಸ್ವಲ್ಪ ತಿರುಗಿಸಿ ಓದಬೇಕು.

ಮುಂದೆ ದೊಡ್ಡದಾಗಿ ಬ್ರ್ಯಾಂಡ್ ಹೆಸರು ಇರುತ್ತದೆ. ಹಿಂದೆ, ಕನ್ನಡಕ ಹಾಕಿಕೊಂಡರೂ ಓದಲು ಕಷ್ಟವಾಗುವ ಅಕ್ಷರಗಳಲ್ಲಿ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಎಂಬ ಹೆಸರುಗಳಿರಬಹುದು. ಪಕ್ಕದಲ್ಲಿ ಒಂದು ಕೆಂಪು ಗೆರೆ, 'ಆರ್‌ಎಕ್ಸ್' ಗುರುತು. ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಎಂಬ ಎಚ್ಚರಿಕೆಯೂ ಇರುತ್ತದೆ. ಅಂದರೆ ಚಿಕ್ಕಮ್ಮನ ಬ್ಯಾಗಿನಿಂದ ಬಂದದ್ದು ಸೌಂದರ್ಯವರ್ಧಕ ಅಲ್ಲವೇ ಅಲ್ಲ, ಔಷಧಿ. ಅದೂ ಜೋರಾದ ಔಷಧಿ.

ಎರಡೇ ವಾರದಲ್ಲಿ ಬಣ್ಣ ಬದಲಾಯಿತು ಅಂದರೆ ಖುಷಿ ಪಡಬೇಡಿ, ಅನುಮಾನ ಪಡಿ. ಯಾಕೆ ಅಂತ ತಿಳಿಯಲು ಚರ್ಮಕ್ಕೆ ಬಣ್ಣ ಬರುವುದು ಹೇಗೆ ಅಂತ ಮೊದಲು ನೋಡೋಣ.

ನಮ್ಮ ಚರ್ಮದ ಹೊರಪದರದ ಬುಡದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಇವು ಟೈರೊಸಿನೇಸ್ ಎಂಬ ಕಿಣ್ವದ ಸಹಾಯದಿಂದ ಮೆಲನಿನ್ ತಯಾರಿಸಿ, ಸಣ್ಣ ಸಣ್ಣ ಪೊಟ್ಟಣ ಮಾಡಿ, ಸುತ್ತಲಿನ ಜೀವಕೋಶಗಳಿಗೆ ಹಂಚುತ್ತವೆ. ಆ ಪೊಟ್ಟಣಗಳು ಜೀವಕೋಶದ ನ್ಯೂಕ್ಲಿಯಸ್ ಮೇಲೆ ಛತ್ರಿಯ ಹಾಗೆ ನಿಂತು, ಬಿಸಿಲಿನ ನೇರಳಾತೀತ ಕಿರಣದಿಂದ ಡಿಎನ್‌ಎ ಕಾಪಾಡುತ್ತವೆ. ಬೆಳ್ಳಗಿರುವವರಿಗೂ ಕಪ್ಪಗಿರುವವರಿಗೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಪೊಟ್ಟಣಗಳ ಗಾತ್ರ, ಅವು ಹರಡಿಕೊಳ್ಳುವ ರೀತಿ, ಒಳಗಿನ ಮೆಲನಿನ್ನಿನ ಪ್ರಮಾಣ ಮತ್ತು ಬಗೆ ಬೇರೆ ಇರುತ್ತವೆ ಅಷ್ಟೆ. ಅದನ್ನು ತೀರ್ಮಾನಿಸುವುದು ಅಪ್ಪ ಅಮ್ಮನಿಂದ ಬಂದ ಜೀನ್‌ಗಳು.

ಬುಡದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಹಾಗಾಗಿ ಯಾವ ಪ್ರಾಮಾಣಿಕ ಚಿಕಿತ್ಸೆಯೂ ಕಲೆ ತಿಳಿಯಾಗಿಸಲು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ನಿಮ್ಮ ಹುಟ್ಟುಬಣ್ಣ ಯಾವುದು ಅಂತ ನೋಡಬೇಕಾದರೆ ತೋಳಿನ ಒಳಭಾಗ, ಕಂಕುಳ ಹತ್ತಿರ ಬಿಸಿಲು ಬೀಳದ ಜಾಗ ನೋಡಿಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ ಮುಖ ಆ ಬಣ್ಣದ ಹತ್ತಿರಕ್ಕೆ ಬರಬಹುದು. ಅದಕ್ಕಿಂತ ಬೆಳ್ಳಗೆ ಮಾಡುತ್ತೇನೆ ಅನ್ನುವವರು ಚರ್ಮದ ಕೆಲಸವನ್ನೇ ಕೆಡಿಸಬೇಕಾಗುತ್ತದೆ.

ಮೊದಲ ಆಪಾದಿತ: ಸ್ಟೀರಾಯ್ಡ್

ನಮ್ಮ ಕಡೆ ಅತಿ ಹೆಚ್ಚು ಮುಖಗಳನ್ನು ಹಾಳು ಮಾಡಿರುವುದು ಇದೇ. ಬೆಟಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಹೆಸರಿನ ಕೊನೆಯಲ್ಲಿ 'ಸೋನ್' ಅಥವಾ 'ಸಾಲ್' ಇರುವವು ಸಾಮಾನ್ಯವಾಗಿ ಈ ಗುಂಪಿನವು. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗಳಿಗೆ ಇವು ನಿಜಕ್ಕೂ ಒಳ್ಳೆಯ ಔಷಧಿ. ಎಷ್ಟು ದಿನ, ಎಲ್ಲಿ, ಎಷ್ಟು ಅಂತ ವೈದ್ಯರು ಹೇಳಿದಂತೆ ಹಚ್ಚಿದರೆ ಹೆದರಬೇಕಾಗಿಲ್ಲ.

ಸ್ಟೀರಾಯ್ಡ್ ಹಚ್ಚಿದಾಗ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಆ ಜಾಗ ಬಿಳಿಚಿಕೊಳ್ಳುತ್ತದೆ. ಯಾವ ಸ್ಟೀರಾಯ್ಡ್ ಎಷ್ಟು ಜೋರು ಅಂತ ಪ್ರಯೋಗಾಲಯದಲ್ಲಿ ಅಳೆಯುವುದೂ ಹೀಗೇ: ಚರ್ಮದ ಮೇಲೆ ಹಚ್ಚಿ, ಎಷ್ಟು ಬಿಳಿಚಿತು ಅಂತ ನೋಡುತ್ತಾರೆ. ಜೊತೆಗೆ ಕೆಂಪು, ಸಣ್ಣಪುಟ್ಟ ಗುಳ್ಳೆ, ತುರಿಕೆ ಎಲ್ಲ ತಕ್ಷಣ ಅಡಗುತ್ತವೆ. ಮೆಲನಿನ್ ತಯಾರಿಕೆಯೂ ತಗ್ಗುತ್ತದೆ. ಮೊದಲ ಎರಡು ವಾರ ಮುಖ ನಯವಾಗಿ, ತಿಳಿಯಾಗಿ ಕಾಣುತ್ತದೆ. ನೆಂಟರು ಹೊಗಳುತ್ತಾರೆ. ಮೆಡಿಕಲ್ ಶಾಪಿನಿಂದ ಇನ್ನೊಂದು ಟ್ಯೂಬ್ ಬರುತ್ತದೆ.

ಆಮೇಲೆ ಶುರುವಾಗುತ್ತದೆ ನೋಡಿ. ಚರ್ಮ ತೆಳ್ಳಗಾಗಿ ಕೆನ್ನೆಯ ಮೇಲೆ ಕೆಂಪು ದಾರದೆಳೆಯಂಥ ರಕ್ತನಾಳಗಳು ಕಾಣುತ್ತವೆ. ಹದಿಹರೆಯದಲ್ಲೂ ಮೊಡವೆ ಇಲ್ಲದಿದ್ದವರಿಗೆ ಮುಖದ ತುಂಬ ಮೊಡವೆ. ಹೆಣ್ಣುಮಕ್ಕಳಿಗೆ ಗಲ್ಲ, ಕೆನ್ನೆ ಮೇಲೆ ಕೂದಲು. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೆ ಉರಿ. ಸರಿ, ಬಿಟ್ಟುಬಿಡೋಣ ಅಂತ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಮುಖ ಕೆಂಪಗೆ ಊದಿ, ತಡೆಯಲಾಗದಷ್ಟು ತುರಿಕೆ. ಮತ್ತೆ ಹಚ್ಚಿದರೆ ಆರಾಮ. ಹೀಗೆ ಚರ್ಮ ಆ ಕ್ರೀಮಿಗೆ ಅಂಟಿಕೊಳ್ಳುತ್ತದೆ. ಹಚ್ಚುವವರಿಗೆ ಮಾತ್ರ ಇದು ಕ್ರೀಮ್‌ನಿಂದಾದ ಕಾಯಿಲೆ ಅಂತ ಅನ್ನಿಸುವುದೇ ಇಲ್ಲ. "ಅದು ಹಚ್ಚಿದಾಗ ಮಾತ್ರ ಸರಿ ಇರುತ್ತೆ" ಅನ್ನುತ್ತಾರೆ.

ಚರ್ಮವೈದ್ಯರು ಇದಕ್ಕೆ ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಎಂದೇ ಹೆಸರಿಟ್ಟಿದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಆಸ್ಪತ್ರೆಗಳಿಗೆ ಮುಖದ ತೊಂದರೆ ಹೇಳಿಕೊಂಡು ಬಂದ 2,926 ಮಂದಿಯನ್ನು ನೋಡಿದರು. 433 ಜನ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 392 ಮಂದಿಯ ಮುಖ ಅದರಿಂದಲೇ ಕೆಟ್ಟಿತ್ತು. ಸ್ಟೀರಾಯ್ಡ್ ಹಚ್ಚುತ್ತಿದ್ದವರಲ್ಲಿ ಸುಮಾರು 59 ಶೇಕಡ ಜನರಿಗೆ ಆ ಕ್ರೀಮ್ ಹೇಳಿದ್ದು ವೈದ್ಯರಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. 2018ರ ಮಾರ್ಚ್‌ನಲ್ಲಿ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲೆ ಎಲ್ಲ ಸರಿ. ಅಂಗಡಿಯಲ್ಲಿ ಹೆಸರು ಹೇಳಿದರೆ ಟ್ಯೂಬ್ ಕೈಗೆ ಬರುವುದನ್ನು ನೀವೂ ನೋಡಿರುತ್ತೀರಿ.

ಆರಂಭದಲ್ಲಿ ಹೇಳಿದ ಮೂರು ಹೆಸರಿನ ಮಿಶ್ರಣಕ್ಕೂ ಒಂದು ಇತಿಹಾಸವಿದೆ. ಹೈಡ್ರೋಕ್ವಿನೋನ್, ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್ ಸೇರಿಸಿದರೆ ಬಂಗು ತಿಳಿಯಾಗುತ್ತದೆ ಅಂತ ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು 1975ರಲ್ಲಿ ಪ್ರಕಟಿಸಿದರು. ಅದೇ ವರ್ಷ ನಮ್ಮಲ್ಲಿ ಫೇರ್ ಆಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಎರಡಕ್ಕೂ ಸಂಬಂಧವಿಲ್ಲ. ಒಂದು ಔಷಧಿ, ಇನ್ನೊಂದು ಕಾಸ್ಮೆಟಿಕ್. ಆದರೆ 'ಬೆಳ್ಳಗಾಗಬೇಕು' ಅನ್ನುವ ಆಸೆ ಜಾಹೀರಾತಿನಿಂದ ಬೆಳೆಯಿತು, ಆಸೆ ತೀರದಾಗ ಜನ ಔಷಧಿ ಅಂಗಡಿಗೆ ನಡೆದರು. ನನಗೆ ಕಾಣುವುದು ಹೀಗೆ. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಹೋಯಿತು, 'ಗ್ಲೋ' ಬಂತು. ಸಂಬಂಧ ನೋಡಲು ಬರುವವರ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ.

ಹೈಡ್ರೋಕ್ವಿನೋನ್: ಬೆಳ್ಳಗಾಗಲು ಹೋಗಿ ಕಪ್ಪಾಗುವುದು

ಇದು ಟೈರೊಸಿನೇಸ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಬಂಗಿಗೆ ವೈದ್ಯರು ಕೆಲವು ತಿಂಗಳ ಮಟ್ಟಿಗೆ ಕೊಡುವುದುಂಟು. ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಓಕ್ರೊನೋಸಿಸ್ ಬರುತ್ತದೆ. ಕೆನ್ನೆಯ ಮೂಳೆ, ಹಣೆಪಕ್ಕ, ಹಚ್ಚಿದ ಜಾಗದಲ್ಲೇ ನೀಲಿ ಬೆರೆತ ಕಪ್ಪು ಚುಕ್ಕೆಗಳು ಏಳುತ್ತವೆ. ಬಂಗು ಇನ್ನೂ ಜಾಸ್ತಿ ಆಯಿತೇನೋ ಅಂದುಕೊಂಡು ಅದೇ ಕ್ರೀಮನ್ನು ಇನ್ನಷ್ಟು ಹಚ್ಚುತ್ತಾರೆ. ಅದು ಹೋಗುವುದು ಬಹಳ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ ಎಷ್ಟೋ ಜನಕ್ಕೆ ಹೀಗಾಗಿ, 1990ರಲ್ಲಿ ಕಾಸ್ಮೆಟಿಕ್‌ಗಳಲ್ಲಿ ಇದನ್ನು ನಿಷೇಧಿಸಿದರು. ಯುರೋಪ್ 2001ರಲ್ಲಿ ಅದೇ ಮಾಡಿತು.

ಪಾದರಸ: ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ

ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ನಡೆದದ್ದು ಇದು. ಅಲ್ಲಿನ ಆಸ್ಪತ್ರೆಯೊಂದರ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪೊರೆ ಕೆಟ್ಟು, ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ. ಬೆಳಗ್ಗೆ ಕಣ್ಣು ಊದಿರುತ್ತದೆ, ಸಂಜೆಗೆ ಪಾದ ಬಾತಿರುತ್ತದೆ, ಮೂತ್ರದಲ್ಲಿ ನೊರೆ. ಆ 22ರಲ್ಲಿ 15 ಜನಕ್ಕೆ ನೆಲ್-1 ಎಂಬ ಅಪರೂಪದ ಬಗೆ ಇತ್ತು. ಕೆದಕಿ ಕೇಳಿದಾಗ ಅವರಲ್ಲಿ 13 ಮಂದಿ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದುದು ಗೊತ್ತಾಯಿತು. ಅಂಥ ಕ್ರೀಮ್‌ಗಳನ್ನು ಪರೀಕ್ಷಿಸಿದಾಗ ಪಾದರಸ ಸಿಕ್ಕಿತು. ಹೆಚ್ಚಿನವರು ಕ್ರೀಮ್ ಬಿಟ್ಟ ಮೇಲೆ ಚೇತರಿಸಿಕೊಂಡರು. ಒಬ್ಬರಿಗೆ ಮಾತ್ರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಅಂತ ಹೆಸರಿಟ್ಟು ಅಂಗಡಿಗಳ ಮೇಲೆ ದಾಳಿ ನಡೆಸಿತು.

ಪಾದರಸವೂ ಟೈರೊಸಿನೇಸನ್ನೇ ತಡೆಯುತ್ತದೆ. ಹಾಗಾಗಿ ಬೇಗ ಬೆಳ್ಳಗಾಗುತ್ತದೆ, ಸುಳ್ಳಲ್ಲ. ಆದರೆ ಅದು ಚರ್ಮದಲ್ಲಿ ನಿಲ್ಲದೆ ರಕ್ತಕ್ಕೆ ಇಳಿದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ನರಗಳಿಗೂ ಪೆಟ್ಟು: ಕೈ ನಡುಕ, ಮರೆವು, ಸಿಡುಕು, ನಿದ್ದೆಗೇಡು. ಅದು ಆವಿಯಾಗಿಯೂ ಹೊರಬರುತ್ತದೆ, ಟವೆಲ್, ದಿಂಬಿಗೂ ಅಂಟುತ್ತದೆ. ಅಮ್ಮ ಹಚ್ಚಿದ ಕ್ರೀಮ್‌ನ ಪಾದರಸ ಪಕ್ಕದಲ್ಲಿ ಮಲಗುವ ಮಗುವಿನ ಮೈಯಲ್ಲಿ ಸಿಗಬಹುದು. ಹೊಟ್ಟೆಯಲ್ಲಿರುವ ಕೂಸಿಗಂತೂ ಇನ್ನೂ ಅಪಾಯ.

ನಮ್ಮ ಕಾಸ್ಮೆಟಿಕ್ಸ್ ನಿಯಮ 2020ರ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮ್‌ನಲ್ಲಿ ಪಾದರಸ ಬೆರೆಸುವಂತಿಲ್ಲ. ಗೊತ್ತಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ಆದರೂ ಬರುತ್ತದೆ. ಗಲ್ಫ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ, ಆನ್‌ಲೈನ್‌ನಲ್ಲಿ, ಯಾರದ್ದೋ ಇನ್‌ಸ್ಟಾಗ್ರಾಂ ಪುಟದ 'ಹೋಂಮೇಡ್' ಡಬ್ಬಿಯಲ್ಲಿ.

ಡಬ್ಬಿ ಕೈಯಲ್ಲಿದ್ದರೆ ಹೀಗೆ ನೋಡಿ. ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ವಿದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ಕ್ಯಾಲೊಮೆಲ್, ಮರ್ಕ್ಯೂರಿಕ್, ಮರ್ಕ್ಯೂರಸ್, ಮರ್ಕ್ಯೂರಿಯೊ ಎಂಬ ಪದ ಕಂಡರೆ ಪಾದರಸವೇ. ಇನ್ನೊಂದು ಸುಳಿವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ: ಕೆಲವು ಡಬ್ಬಿಗಳ ಮೇಲೆ 'ಚಿನ್ನ, ಬೆಳ್ಳಿ, ಅಲ್ಯುಮಿನಿಯಂ, ರಬ್ಬರ್‌ಗೆ ತಾಗಿಸಬೇಡಿ' ಅಂತ ಬರೆದಿರುತ್ತದೆ. ಪಾದರಸ ಚಿನ್ನದ ಜೊತೆ ಬೆರೆತು ಒಡವೆ ಕೆಡಿಸುತ್ತದಲ್ಲ, ಅದಕ್ಕೆ. ಉಂಗುರಕ್ಕೆ ತಾಗಬಾರದ್ದನ್ನು ಮುಖಕ್ಕೆ ಹಚ್ಚಿ ಅನ್ನುತ್ತಾರೆ ಅಂದರೆ ಧೈರ್ಯ ಮೆಚ್ಚಬೇಕು. ಪಟ್ಟಿಯಲ್ಲಿ ಈ ಹೆಸರು ಇಲ್ಲದ ಮಾತ್ರಕ್ಕೆ ಪಾದರಸ ಇಲ್ಲ ಅಂತಲೂ ಅಲ್ಲ. ಲ್ಯಾಬಿನಲ್ಲೇ ಗೊತ್ತಾಗಬೇಕು.

ದೊಡ್ಡ ಕಂಪನಿಯ ಮಾಲಾದರೆ ಪೂರ್ತಿ ನಿಶ್ಚಿಂತೆ ಅಂತಲೂ ಹೇಳಲಾರೆ. ಜಪಾನಿನ ಕಾನೆಬೊ ಕಂಪನಿ ರೊಡೊಡೆಂಡ್ರಾಲ್ ಎಂಬ ಅಂಶವಿದ್ದ ತನ್ನ ಬಿಳುಪಿನ ಕ್ರೀಮ್‌ಗಳನ್ನು 2013ರಲ್ಲಿ ವಾಪಸ್ ತೆಗೆದುಕೊಂಡಿತು. ಸರ್ಕಾರದ ಅನುಮತಿ ಪಡೆದೇ ಮಾರುತ್ತಿದ್ದ ಕ್ರೀಮ್ ಅದು. ಸಾವಿರಾರು ಜನರಿಗೆ ಮುಖ, ಕುತ್ತಿಗೆ, ಕೈ ಮೇಲೆ ತೊನ್ನಿನಂಥ ಬಿಳಿ ಮಚ್ಚೆಗಳಾಗಿದ್ದವು.

ಬೆಳ್ಳಗಾಗಲು ಚುಚ್ಚಿಸಿಕೊಳ್ಳುವ ಗ್ಲುಟಾಥಯೋನ್ ಇಂಜೆಕ್ಷನ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ನಮ್ಮ ಕಾಯಿದೆಯ ಪ್ರಕಾರ ಕಾಸ್ಮೆಟಿಕ್ ಅಂದರೆ ಮೈಮೇಲೆ ಹಚ್ಚುವ, ಸುರಿಯುವ, ಚಿಮುಕಿಸುವ ವಸ್ತು. ಸೂಜಿಯಲ್ಲಿ ಚುಚ್ಚುವುದು ಅದರಲ್ಲಿ ಬರುವುದಿಲ್ಲ. ಫಿಲಿಪ್ಪೀನ್ಸ್‌ನ ಔಷಧ ಸಂಸ್ಥೆ 2011ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು: ಚರ್ಮ ಸುಲಿದುಹೋಗುವ ತೀವ್ರ ಅಲರ್ಜಿ, ಕಿಡ್ನಿ ತೊಂದರೆ. ಇನ್ನು ಪಾರ್ಲರಿನ ಬ್ಲೀಚ್. ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಮುಖದ ಸಣ್ಣ ಕೂದಲನ್ನು ಬಂಗಾರದ ಬಣ್ಣಕ್ಕೆ ತಿರುಗಿಸುತ್ತದೆ, ಹಾಗಾಗಿ ಮುಖ ತಿಳಿಯಾಗಿ ಕಾಣುತ್ತದೆ. ಅಪಾಯ ಮೇಲಿನವುಗಳಷ್ಟಿಲ್ಲ, ಆದರೆ ಉರಿದು ಕೆಂಪಾದರೆ ಆ ಜಾಗ ಆಮೇಲೆ ಕಪ್ಪಾಗುತ್ತದೆ.

ಕಪ್ಪು ಕಲೆಗೆ ಕಾರಣ ಬೇರೆಯೇ ಇರುತ್ತದೆ

ಕ್ರೀಮ್ ಹುಡುಕುವವರಲ್ಲಿ ಎಷ್ಟೋ ಮಂದಿಗೆ ತಮ್ಮ ಬಣ್ಣದ ಬಗ್ಗೆ ಬೇಸರವೇನಿಲ್ಲ. ಯಾವುದೋ ಒಂದು ಕಲೆ ಹೋಗಬೇಕು ಅಷ್ಟೆ. ಹಾಗಾದರೆ ಕಲೆ ಯಾಕೆ ಬಂತು ಅಂತ ಮೊದಲು ನೋಡಬೇಕು ಅಲ್ವಾ?

ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವುದನ್ನು ಮಣ್ಣು ಕೂತಿದೆ ಅಂದುಕೊಂಡು ಅಮ್ಮಂದಿರು ಮಕ್ಕಳ ಕತ್ತನ್ನು ನಾರಿನಿಂದ ಉಜ್ಜುತ್ತಾರೆ. ಪಾಪ, ಮಗು ಅಳುತ್ತದೆ, ಕಪ್ಪು ಹೋಗುವುದಿಲ್ಲ. ಅದು ಅಕಾಂಥೋಸಿಸ್ ನೈಗ್ರಿಕಾನ್ಸ್. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಬಹುಪಾಲು. ತೂಕ ಜಾಸ್ತಿ ಇರುವವರಲ್ಲಿ, ಪಿಸಿಒಎಸ್ (ಅಂಡಾಶಯ, ಹಾರ್ಮೋನಿನ ತೊಂದರೆ) ಇರುವ ಹೆಣ್ಣುಮಕ್ಕಳಲ್ಲಿ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಣುತ್ತದೆ. ಇದಕ್ಕೆ ಬೇಕಾದದ್ದು ಕ್ರೀಮ್ ಅಲ್ಲ, ಒಂದು ಸಕ್ಕರೆ ಪರೀಕ್ಷೆ. ತೂಕ ಇಳಿದರೆ ಕಪ್ಪೂ ಇಳಿಯುತ್ತದೆ.

ಬಂಗು ಬರುವುದು ಬಿಸಿಲು, ಹಾರ್ಮೋನ್, ವಂಶ ಮೂರೂ ಸೇರಿ. ಗರ್ಭಿಣಿಯರಲ್ಲಿ ಕಾಣಿಸಿಕೊಂಡು ಹೆರಿಗೆ ಆದ ಮೇಲೆ ಕೆಲವರಿಗೆ ತಾನಾಗಿ ತಿಳಿಯಾಗುತ್ತದೆ. ಬಿಸಿಲಿಗೆ ಅಡ್ಡ ಹಿಡಿಯದೆ ಯಾವ ಔಷಧಿ ಹಚ್ಚಿದರೂ ಮತ್ತೆ ಬರುತ್ತದೆ. ಮೊಡವೆ ಚಿವುಟಿದರೆ ಉಳಿಯುವ ಕಲೆ ಇನ್ನೊಂದು ಬಗೆ. ನಮ್ಮಂಥ ಬಣ್ಣದ ಚರ್ಮಕ್ಕೆ ಎಲ್ಲೇ ಉರಿಯೂತವಾದರೂ ಕಪ್ಪು ಉಳಿಯುತ್ತದೆ. ಹಾಗಾಗಿ ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚುವ ಪ್ರಯೋಗ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಬರುವುದುಂಟು.

ಬೆನ್ನು, ತೋಳನ್ನು ಪ್ಲಾಸ್ಟಿಕ್ ನಾರಿನಿಂದ, ಕಲ್ಲಿನಿಂದ ವರ್ಷಗಟ್ಟಲೆ ತಿಕ್ಕಿದರೆ ಅಲ್ಲಿ ಅಲೆಯಲೆಯಾಗಿ ಕಂದು ಬಣ್ಣ ನಿಲ್ಲುತ್ತದೆ. ತಿಕ್ಕುವುದನ್ನು ಬಿಟ್ಟರೇ ಅದಕ್ಕೆ ಅರ್ಧ ಚಿಕಿತ್ಸೆ. ಹಣೆಯ ಮಧ್ಯ ಕಲೆ ಇದ್ದರೆ ಕುಂಕುಮವನ್ನೋ ಸ್ಟಿಕರ್ ಬಿಂದಿಯನ್ನೋ ಅನುಮಾನಿಸಿ. ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಕೆಲವರಿಗೆ ಅದೇ ಜಾಗದಲ್ಲಿ ಬಿಳಿ ಮಚ್ಚೆ ಆಗುತ್ತದೆ. ತುರಿಕೆ ಶುರುವಾದರೆ ಕೆಲವು ದಿನ ಬಿಂದಿ ಬಿಡಿ.

ದಿನನಿತ್ಯ ಮಾಡಬೇಕಾದದ್ದು ಬಹಳ ಕಡಿಮೆ

ಬೆಳಗ್ಗೆ, ರಾತ್ರಿ ಮೃದುವಾದ ಸೋಪು ಅಥವಾ ಫೇಸ್‌ವಾಶ್‌ನಲ್ಲಿ ಮುಖ ತೊಳೆಯಿರಿ. ಒಣ ಚರ್ಮವಾದರೆ ಮಾಯಿಶ್ಚರೈಸರ್. ಮೈಗೆ ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ. ಕಡಲೆಹಿಟ್ಟು, ಹೆಸರುಹಿಟ್ಟಿನಿಂದ ಎಣ್ಣೆ ತೆಗೆಯುವುದಕ್ಕೆ ಅಡ್ಡಿಯಿಲ್ಲ, ಬಣ್ಣ ಬದಲಾಗುತ್ತದೆ ಅಂತ ನಂಬಿ ಗಸಗಸ ಉಜ್ಜಬೇಡಿ.

ಖರ್ಚು ಮಾಡುವುದೇ ಆದರೆ ಸನ್‌ಸ್ಕ್ರೀನ್‌ಗೆ ಮಾಡಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು, ಪಿಎ+++ ಅಂತ ಇರಲಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಬಹಳ ಜನ ಕಡಲೆಕಾಳಿನಷ್ಟು ಹಚ್ಚಿ ಸನ್‌ಸ್ಕ್ರೀನ್ ಉಪಯೋಗವಿಲ್ಲ ಅನ್ನುತ್ತಾರೆ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಬಿಸಿಲಿನ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅವರಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ದಿನವಿಡೀ ಹೊಲದಲ್ಲಿ, ಕಟ್ಟಡ ಕೆಲಸದಲ್ಲಿ ಇರುವವರಿಗೆ ಇದು ದುಬಾರಿ, ಬೆವರಿಗೆ ನಿಲ್ಲುವುದೂ ಇಲ್ಲ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ತಲೆ ಮೇಲೆ ಸೆರಗು ಅವರಿಗೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕಲೆಗೆ ಏನಾದರೂ ಹಚ್ಚಲೇಬೇಕು ಅಂದರೆ ನಿಯಾಸಿನಮೈಡ್, ಅಜೆಲಾಯಿಕ್ ಆಸಿಡ್‌ನಂಥವು ನಿಧಾನ, ಆದರೆ ಸೌಮ್ಯ. ಗರ್ಭಿಣಿಯರು, ಹಾಲುಣಿಸುವವರು ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು. ಟ್ರೆಟಿನಾಯಿನ್ ಅಂತೂ ಬಸುರಿಯರಿಗೆ ಬೇಡವೇ ಬೇಡ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುವುದಿಲ್ಲ. ರುಚಿಗೆ ಕುಡಿಯಲಿ, ನಮ್ಮದೇನು ತಕರಾರಿಲ್ಲ. ಹುಟ್ಟಿದ ಕೂಸಿನ ಬಣ್ಣ ಮೊದಲ ಕೆಲವು ತಿಂಗಳಲ್ಲಿ ಬದಲಾಗುತ್ತಾ ಹೋಗುವುದು ಸಹಜ. ಅದನ್ನು ನೋಡಿ ಗಾಬರಿಯಾಗಿ ಎಳೆ ಮೈಗೆ ಹಿಟ್ಟು ಹಾಕಿ ಉಜ್ಜಿದರೆ ಚರ್ಮ ಗೀರುತ್ತದೆ.

ಈಗಾಗಲೇ ಟ್ಯೂಬ್ ಹಚ್ಚುತ್ತಿದ್ದೀರಾ? ಸ್ಟೀರಾಯ್ಡ್ ಇದ್ದು ತಿಂಗಳುಗಟ್ಟಲೆ ಬಳಸಿದ್ದರೆ ಒಮ್ಮೆಗೇ ನಿಲ್ಲಿಸಿ ಒದ್ದಾಡಬೇಡಿ, ಬೇಗ ಚರ್ಮವೈದ್ಯರನ್ನು ಕಾಣಿ. ಹೇಗೆ ಬಿಡಿಸಬೇಕು, ಉರಿ ತಡೆಯಲು ಏನು ಕೊಡಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಪಾದರಸದ ಅನುಮಾನ ಇದ್ದರೆ ಮಾತ್ರ ಇಂದೇ ನಿಲ್ಲಿಸಿ, ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಡಿ, ಸಿಂಕಿಗೆ ಚೆಲ್ಲಬೇಡಿ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಅಂತ ನೋಡುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಆಗುತ್ತದೆ.

ಚರ್ಮವೈದ್ಯರು ಅಂದರೆ ದುಬಾರಿ ಕ್ಲಿನಿಕ್ ಅಂದುಕೊಳ್ಳಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಸೇರಿದಂತೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಮುಖಕ್ಕೆ ಹಚ್ಚಿದ ಪ್ರತಿಯೊಂದು ಟ್ಯೂಬ್, ಡಬ್ಬಿ, ಎಣ್ಣೆ ಎಲ್ಲವನ್ನೂ ಒಂದು ಕವರಿಗೆ ಹಾಕಿ ತೆಗೆದುಕೊಂಡು ಹೋಗಿ. 'ಏನೂ ಹಚ್ಚಿಲ್ಲ ಡಾಕ್ಟ್ರೇ' ಅಂತ ಮಾತ್ರ ಹೇಳಬೇಡಿ.